ನೋವು ಕಡಿಮೆ ಮಾಡಿದ್ದು ಅಯಸ್ಕಾಂತವೇ? ವೈದ್ಯ ಮೆಸ್ಮರ್‌ನ ಕಥೆ

ಕೈಗೆ ಮ್ಯಾಗ್ನೆಟ್ ಬಳೆ ಹಾಕಿಕೊಂಡರೆ ಮಂಡಿನೋವು ಮಾಯ, ಕಣ್ಣಿಗೆ ವಿಆರ್ ಕನ್ನಡಕ ಹಾಕಿದರೆ ಅರಿವಳಿಕೆಯೇ ಬೇಡ ಎನ್ನುವಂಥ ಮೆಸೇಜ್‌ಗಳು ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇವುಗಳಲ್ಲಿ ಎಷ್ಟು ನಿಜ? ಇದನ್ನು ತಿಳಿಯಲು ನಾವು ಸುಮಾರು 250 ವರ್ಷ ಹಿಂದಿನ ಫ್ರಾನ್ಜ್ ಮೆಸ್ಮರ್ ಎಂಬ ವೈದ್ಯನ ಬದುಕನ್ನು ನೋಡೋಣ. ಇಂಗ್ಲಿಷಿನ ಮೆಸ್ಮರೈಸ್ ಎಂಬ ಪದ ಹುಟ್ಟಿದ್ದು ಈತನ ಹೆಸರಿನಿಂದಲೇ.

ಮೆಸ್ಮರ್ ಹುಟ್ಟಿದ್ದು 1734ರಲ್ಲಿ, ಈಗಿನ ಜರ್ಮನಿಯ ಕಾನ್‌ಸ್ಟನ್ಸ್ ಸರೋವರದ ಬಳಿಯ ಹಳ್ಳಿಯೊಂದರಲ್ಲಿ. ವಿಯೆನ್ನಾದಲ್ಲಿ ವೈದ್ಯಕೀಯ ಓದಿದ. 1774ರಲ್ಲಿ ರೋಗಿಯೊಬ್ಬಳ ಮೈಮೇಲೆ ಅಯಸ್ಕಾಂತಗಳನ್ನಿಟ್ಟು ನೋಡಿದ. ಆಕೆಗೆ ಆರಾಮ ಎನ್ನಿಸಿತು. ಸ್ವಲ್ಪ ದಿನಗಳಲ್ಲೇ, ಅಯಸ್ಕಾಂತವೂ ಬೇಕಿಲ್ಲ, ಕಣ್ಣಿಗೆ ಕಾಣದ ದ್ರವವೊಂದು ಎಲ್ಲರ ದೇಹದಲ್ಲೂ ಹರಿಯುತ್ತದೆ, ಅದನ್ನು ತಾನು ಸರಿಪಡಿಸಬಲ್ಲೆ ಎಂದು ನಂಬಿದ.

1778ರಲ್ಲಿ ಪ್ಯಾರಿಸ್‌ಗೆ ಬಂದ. ಅಲ್ಲಿ ಮಂದ ಬೆಳಕಿನ ಕೋಣೆಯಲ್ಲಿ ದೊಡ್ಡ ಮರದ ತೊಟ್ಟಿ, ಅದರಿಂದ ಹೊರಬಂದ ಕಬ್ಬಿಣದ ಸರಳುಗಳು, ಹಿನ್ನೆಲೆಯಲ್ಲಿ ಸಂಗೀತ. ರೋಗಿಗಳು ನೋವಿರುವ ಜಾಗಕ್ಕೆ ಸರಳು ಒತ್ತಿಕೊಂಡು ಸುತ್ತ ಕೂರುತ್ತಿದ್ದರು. ಕೆಲವರು ನಡುಗುತ್ತಿದ್ದರು, ಕೆಲವರು ಅಳುತ್ತಿದ್ದರು. ನೋವು ಇಳಿಯಿತು ಎಂದವರೂ ಹಲವರು.

1784ರಲ್ಲಿ ರಾಜ 16ನೇ ಲೂಯಿ ಇದರ ತನಿಖೆಗೆ ಸಮಿತಿ ನೇಮಿಸಿದ. ಬೆಂಜಮಿನ್ ಫ್ರಾಂಕ್ಲಿನ್, ರಸಾಯನ ವಿಜ್ಞಾನಿ ಲವಾಸಿಯೆ ಅದರಲ್ಲಿದ್ದರು. ಮೆಸ್ಮರ್ ಸಹಕರಿಸಲಿಲ್ಲ, ಆತನ ಶಿಷ್ಯ ದೆಸ್ಲೊ ಒಪ್ಪಿದ. ಫ್ರಾಂಕ್ಲಿನ್ ಮನೆಯ ತೋಟದಲ್ಲಿ ದೆಸ್ಲೊ ಒಂದು ಮರಕ್ಕೆ ಶಕ್ತಿ ತುಂಬಿದ. 12 ವರ್ಷದ ಹುಡುಗನ ಕಣ್ಣು ಕಟ್ಟಿ ಒಂದೊಂದೇ ಮರದ ಬಳಿ ಕರೆದೊಯ್ದರು. ಹುಡುಗ ಮೂರ್ಛೆ ಹೋದ, ಆದರೆ ಬೇರೆ ಮರದ ಹತ್ತಿರ! ಅಂಥ ದ್ರವವೇ ಇಲ್ಲ, ಕೆಲಸ ಮಾಡಿದ್ದು ಮನಸ್ಸಿನ ಕಲ್ಪನೆ ಎಂದು ಸಮಿತಿ ತೀರ್ಮಾನಿಸಿತು. ಮೆಸ್ಮರ್ ಪ್ಯಾರಿಸ್ ಬಿಟ್ಟ. 1815ರಲ್ಲಿ ಅದೇ ಸರೋವರದ ದಡದ ಮೀರ್ಸ್‌ಬುರ್ಗ್‌ನಲ್ಲಿ ತೀರಿಕೊಂಡ.

ಹಾಗಾದರೆ ರೋಗಿಗಳು ಸುಳ್ಳು ಹೇಳಿದರೇ? ಇಲ್ಲ. ನೋವು ಗಾಯದಲ್ಲಷ್ಟೇ ಇರುವುದಿಲ್ಲ, ಅದನ್ನು ಅನುಭವವಾಗಿಸುವುದು ಮೆದುಳು. ನಿರೀಕ್ಷೆ, ಭಯ, ಗಮನ ಇವೆಲ್ಲ ನೋವನ್ನು ಹೆಚ್ಚು ಕಡಿಮೆ ಮಾಡುತ್ತವೆ. 1840ರ ದಶಕದಲ್ಲಿ ಸರ್ಜನ್ ಜೇಮ್ಸ್ ಬ್ರೇಡ್ ದ್ರವದ ಮಾತನ್ನು ಕೈಬಿಟ್ಟು, ಗಮನವನ್ನು ಒಂದೆಡೆ ನಿಲ್ಲಿಸುವುದೇ ಇದರ ಗುಟ್ಟು ಎಂದು ವಿವರಿಸಿದ.

ಇಂದಿನ ವಿಆರ್ ಬಳಸಿಕೊಳ್ಳುವುದೂ ಈ ಗಮನವನ್ನೇ. ಅಮೆರಿಕದ ಸಿಯಾಟಲ್‌ನಲ್ಲಿ ಸುಟ್ಟಗಾಯದ ರೋಗಿಗಳಿಗಾಗಿ ಸ್ನೋವರ್ಲ್ಡ್ ಎಂಬ ಆಟ ತಯಾರಾಯಿತು. ಡ್ರೆಸ್ಸಿಂಗ್ ಬದಲಿಸುವಾಗ ರೋಗಿ ಹಿಮದ ಕಣಿವೆಯಲ್ಲಿ ಹಿಮದುಂಡೆ ಎಸೆಯುತ್ತಿರುತ್ತಾನೆ. ಮೆದುಳು ಅಲ್ಲಿ ಮುಳುಗಿದಾಗ ನೋವಿನ ಕಡೆ ಗಮನ ಕಡಿಮೆಯಾಗುತ್ತದೆ. ಹೀಗೆ ನೋವು, ಆತಂಕ ಎರಡೂ ಇಳಿಯುವುದು ಅಧ್ಯಯನಗಳಲ್ಲಿ ಕಂಡಿದೆ.

ಗಮನಿಸಿ: ಅಲ್ಲಿ ನೋವಿನ ಔಷಧಿಯನ್ನೂ ಕೊಡುತ್ತಾರೆ. ವಿಆರ್ ಅದರ ಜೊತೆಗಿನ ನೆರವೇ ಹೊರತು ಅರಿವಳಿಕೆಗೆ ಬದಲಿಯಲ್ಲ, ರೋಗವನ್ನು ಗುಣಪಡಿಸುವುದೂ ಇಲ್ಲ. ಕೆಲವರಿಗೆ ತಲೆಸುತ್ತು, ವಾಕರಿಕೆ ಬರಬಹುದು. ಮೂರ್ಛೆರೋಗವಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ಮ್ಯಾಗ್ನೆಟ್ ಬಳೆಯಿಂದ ನೋವು ಹೋಗುತ್ತದೆ ಎನ್ನಲು ಮಾತ್ರ ಗಟ್ಟಿ ಪುರಾವೆ ಇಲ್ಲ. ಅಂಥ ಮೆಸೇಜ್ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಆ ಹುಡುಗನನ್ನೂ ಮರವನ್ನೂ ಒಮ್ಮೆ ನೆನಪಿಸಿಕೊಳ್ಳಿ.