ಹಿಮಶಿಖರಗಳ ಸಾಕ್ಷಿ: ವಿಟ್ಟೋರಿಯೋ ಸೆಲ್ಲಾ

ನೂರು ವರ್ಷಗಳ ಹಿಂದೆ ಒಂದು ಪರ್ವತದ ಮೇಲೆ ಎಷ್ಟು ಹಿಮವಿದ್ದಿತೆಂಬುದನ್ನು ಇಂದು ತಿಳಿಯುವುದು ಹೇಗೆ? ಹಿರಿಯರ ನೆನಪು ಅವರೊಡನೆಯೇ ಅಳಿಯುತ್ತದೆ. ಆದರೆ ಬೆಳಕು ಗಾಜಿನ ಮೇಲೆ ಬರೆದುದು ಉಳಿಯುತ್ತದೆ. ವಿಟ್ಟೋರಿಯೋ ಸೆಲ್ಲಾನ ಬಾಳನ್ನು ಓದಿದಾಗ ಈ ಮಾತು ನನಗೆ ಮನದಟ್ಟಾಯಿತು.

ಸೆಲ್ಲಾನು 1859ರಲ್ಲಿ ಇಟಲಿಯ ಆಲ್ಪ್ಸ್ ಪರ್ವತಗಳ ತಪ್ಪಲಿನಲ್ಲಿರುವ ಬಿಯೆಲ್ಲಾ ಪಟ್ಟಣದಲ್ಲಿ ಜನಿಸಿದನು. ಉಣ್ಣೆಯ ಉದ್ಯಮ ಅವನ ಮನೆತನದ್ದು. ತಂದೆಯು 1856ರಷ್ಟು ಹಿಂದೆಯೇ ಛಾಯಾಚಿತ್ರಣವನ್ನು ಕುರಿತು ಗ್ರಂಥವೊಂದನ್ನು ಬರೆದಿದ್ದನು. ಚಿಕ್ಕಪ್ಪ ಕ್ವಿಂಟಿನೋ ಸೆಲ್ಲಾನು ದೇಶದ ಅರ್ಥಸಚಿವನಾಗಿದ್ದವನು. 1863ರಲ್ಲಿ ಇಟಲಿಯ ಪರ್ವತಾರೋಹಿಗಳ ಸಂಘವನ್ನು ಸ್ಥಾಪಿಸಿದವನು. ಹೀಗೆ ಒಬ್ಬನಿಂದ ಕ್ಯಾಮರಾ, ಇನ್ನೊಬ್ಬನಿಂದ ಪರ್ವತ, ಇವೆರಡರ ಒಲವೂ ಬಾಲಕನಿಗೆ ಒದಗಿಬಂದಿತು. 1882ರಲ್ಲಿ ಅವನು ಮ್ಯಾಟರ್‌ಹಾರ್ನ್ ಶಿಖರವನ್ನು ಚಳಿಗಾಲದಲ್ಲಿ ಮೊಟ್ಟಮೊದಲಿಗೆ ಏರಿದನು.

ಆ ಕಾಲದಲ್ಲಿ ಪರ್ವತದ ಮೇಲೆ ಚಿತ್ರ ತೆಗೆಯುವುದು ಸುಲಭದ ಮಾತಲ್ಲ. ಸೆಲ್ಲಾನು 30 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಉದ್ದದ ಗಾಜಿನ ಫಲಕಗಳನ್ನು ಬಳಸುತ್ತಿದ್ದನು. ಫಲಕವೊಂದು ಒಡೆದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಆದರೂ ಅವನು ದೊಡ್ಡ ಫಲಕವನ್ನು ಬಿಡಲಿಲ್ಲ. ಹಿಮನದಿಯ ಒಂದೊಂದು ಬಿರುಕೂ ಸ್ಪಷ್ಟವಾಗಿ ಮೂಡಬೇಕೆಂಬುದೇ ಅವನ ಹಟ. ಈ ಭಾರದೊಡನೆ ಅವನು 1889, 1890 ಮತ್ತು 1896ರಲ್ಲಿ ಕಾಕಸಸ್ ಪರ್ವತಗಳಿಗೂ, 1897ರಲ್ಲಿ ಅಲಾಸ್ಕಕ್ಕೂ ಹೋದನು. 1899ರಲ್ಲಿ ಫ್ರೆಶ್‌ಫೀಲ್ಡನ ಜತೆಗೂಡಿ ನಮ್ಮ ಕಾಂಚನಗಂಗೆಯನ್ನು ಪ್ರದಕ್ಷಿಣೆ ಮಾಡಿದನು. ಅಬ್ರುಜ್ಜಿಯ ಡ್ಯೂಕನೊಡನೆ 1906ರಲ್ಲಿ ಆಫ್ರಿಕದ ರುವೆಂಜೋರಿಗೂ 1909ರಲ್ಲಿ ಕಾರಕೋರಂ ಶ್ರೇಣಿಗೂ ತೆರಳಿದನು. 1943ರಲ್ಲಿ ತನ್ನ ಹುಟ್ಟೂರಿನಲ್ಲಿಯೇ ಕಣ್ಮುಚ್ಚಿದನು.

ಭೂಮಿಯ ತಾಪ ಏರಿ ಹಿಮ ಕರಗುವುದೆಂದು ಅವನು ಕ್ಯಾಮರಾ ಹಿಡಿದವನಲ್ಲ. ಕಂಡುದನ್ನು ಪ್ರಾಮಾಣಿಕವಾಗಿ ಹಿಡಿದಿಟ್ಟನು, ಅಷ್ಟೆ. ಅದುವೇ ಇಂದು ಅಳತೆಗೋಲಾಗಿದೆ. ಇಟಲಿಯವನೇ ಆದ ಫಾಬಿಯಾನೋ ವೆಂಚುರಾ ಎಂಬ ಛಾಯಾಗ್ರಾಹಕನು 2009ರಿಂದ ಮೊದಲ್ಗೊಂಡು ಸೆಲ್ಲಾ ಮೊದಲಾದವರು ನಿಂತ ತಾಣಗಳನ್ನೇ ಹುಡುಕಿ, ಅದೇ ಕೋನದಿಂದ ಮತ್ತೆ ಚಿತ್ರ ತೆಗೆದಿದ್ದಾನೆ. ಬಂಡೆಗಳು ಇದ್ದಲ್ಲೇ ಇರುವುದರಿಂದ, ಎರಡು ಚಿತ್ರಗಳನ್ನು ಜೋಡಿಸಿ ನೋಡಿದರೆ ಹಿಮ ಎಷ್ಟು ಇಳಿದಿದೆಯೆಂಬುದು ತಿಳಿಯುತ್ತದೆ. ರುವೆಂಜೋರಿಯಲ್ಲಿ 1906ರಲ್ಲಿದ್ದ ಹಿಮನದಿಗಳ ವಿಸ್ತಾರದಲ್ಲಿ ಇಂದು ಐದರಲ್ಲೊಂದು ಪಾಲೂ ಉಳಿದಿಲ್ಲ. ಕಾರಕೋರಂನ ಬಾಲ್ಟೋರೋ ಹಿಮನದಿಯಾದರೋ ಅಷ್ಟಾಗಿ ಹಿಂದೆ ಸರಿದಿಲ್ಲ. ಛಾಯಾಚಿತ್ರವು ಯಾರ ಪಕ್ಷವನ್ನೂ ವಹಿಸದು. ಆದುದರಿಂದಲೇ ಅದರ ಸಾಕ್ಷ್ಯಕ್ಕೆ ಬೆಲೆ.

ನಮ್ಮೂರಿನ ಕೆರೆ ಹಿಂದೆ ವರ್ಷವರ್ಷವೂ ಕೋಡಿ ಬೀಳುತ್ತಿತ್ತೆಂದು ನಮ್ಮಜ್ಜ ಹೇಳುತ್ತಿದ್ದರು. ನಾನು ಅದನ್ನು ಒಮ್ಮೆಯೂ ಕಂಡಿಲ್ಲ. ಅವರ ಮಾತನ್ನು ತೂಗಿನೋಡಲು ಒಂದು ಚಿತ್ರವೂ ಇಲ್ಲ. ಈ ವರ್ಷ ಮಳೆಗಾಲ ಮುಗಿದ ಮೇಲೆ ಏರಿಯ ಮೇಲಿನ ಆಲದ ಬುಡದಲ್ಲಿ ನಿಂತು ಕೆರೆಯ ಚಿತ್ರವೊಂದನ್ನು ತೆಗೆದು, ತಾರೀಖು ಬರೆದಿಟ್ಟಿದ್ದೇನೆ. ಮುಂದೆ ಯಾರಾದರೂ ಅಲ್ಲಿಯೇ ನಿಂತು ಇನ್ನೊಂದನ್ನು ತೆಗೆಯಲಿ.