ಕಪ್ಪೆಗಳ ಊರು-ಹೆಸರು ಬರೆದಿಟ್ಟ ಪ್ರೊ. ಸಿ.ಆರ್. ನಾರಾಯಣ ರಾವ್



ಜೂನ್ ತಿಂಗಳಲ್ಲಿ ಎರಡು ದಿನ ಬಿಡದೆ ಮಳೆ ಹೊಡೆದ ಮೇಲೆ ರಾತ್ರಿ ಹೊತ್ತು ಮಣಿಪಾಲದ ಮುರಕಲ್ಲಿನ ಬಯಲಲ್ಲಿ ನಿಂತು ಕಿವಿಗೊಟ್ಟಿದ್ದೀರಾ? ಕಾಪುವಿನ ಗದ್ದೆಗಳಲ್ಲಿ, ಕಾರ್ಕಳದ ಆನೆಕೆರೆಯ ದಂಡೆಯಲ್ಲಿ ಕೇಳುವ ವಟಗುಟ್ಟುವಿಕೆ ಇಲ್ಲಿಯೂ ಇದೆ. ಅದರ ನಡುವೆ ಜೀರುಂಡೆಯ ಸದ್ದಿನಂತಹ ಇನ್ನೊಂದು ಸಣ್ಣ ದನಿಯೂ ಇದೆ. ಅದು ಜೀರುಂಡೆಯಲ್ಲ, ಕಪ್ಪೆ. ಅದರ ಉದ್ದ ಸುಮಾರು ಒಂದೂವರೆ ಸೆಂಟಿಮೀಟರ್ ಮಾತ್ರ. ಇದು ವಿಜ್ಞಾನಕ್ಕೆ ಹೊಸ ಪ್ರಭೇದವೆಂದು 2016ರಲ್ಲಿ ಪ್ರಕಟವಾಯಿತು. ಮುರಕಲ್ಲಿನ ಇಂಗ್ಲಿಷ್ ಹೆಸರನ್ನೇ ಕೊಟ್ಟು ಅದನ್ನು ಮೈಕ್ರೋಹೈಲಾ ಲ್ಯಾಟರೈಟ್ ಎಂದು ಕರೆದರು. ಸಾವಿರಾರು ವಿದ್ಯಾರ್ಥಿಗಳು ಓಡಾಡುವ ಊರಿನಲ್ಲಿ, ಜನರ ಕಾಲ ಬುಡದಲ್ಲೇ, ಅದು ಅಷ್ಟು ಕಾಲ ಹೆಸರಿಲ್ಲದೆ ಬದುಕಿತ್ತು.

ಒಂದು ಕಪ್ಪೆಯನ್ನು ಹೊಸದೆಂದು ಹೇಳಬೇಕಾದರೆ ಅದಕ್ಕೆ ಮೊದಲು ಹೆಸರು ಪಡೆದ ಎಲ್ಲ ಕಪ್ಪೆಗಳ ಲೆಕ್ಕ ನಮ್ಮ ಬಳಿ ಇರಬೇಕು. ಕರ್ನಾಟಕದ ಮಟ್ಟಿಗೆ ಆ ಲೆಕ್ಕದ ದೊಡ್ಡ ಪಾಲನ್ನು ಬರೆದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಾಧ್ಯಾಪಕ ಸಿ.ಆರ್. ನಾರಾಯಣ ರಾವ್. ಅವರು ಬರೆದಿಟ್ಟ ಲೆಕ್ಕ ಅರ್ಧ ಅಳಿಸಿಹೋಗಿ ಮತ್ತೆ ಸಿಕ್ಕಿದ ಕಥೆಯನ್ನು ನಿಮಗೆ ಹೇಳಬೇಕೆಂದಿದ್ದೇನೆ.

ನಾರಾಯಣ ರಾಯರು ಹುಟ್ಟಿದ್ದು 1882ರಲ್ಲಿ, ಕೊಯಮತ್ತೂರಿನಲ್ಲಿ. ಬಳ್ಳಾರಿಯಲ್ಲಿ ಓದಿ, ಮುಂದೆ ಮದ್ರಾಸ್ ಕ್ರಿಶ್ಚಿಯನ್ ಕಾಲೇಜು ಸೇರಿದರು. ಕೊಯಮತ್ತೂರು, ಎರ್ನಾಕುಲಂಗಳಲ್ಲಿ ಕೆಲಕಾಲ ಪಾಠ ಹೇಳಿ ಬೆಂಗಳೂರಿಗೆ ಬಂದರು. ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ವಿಭಾಗವನ್ನು ಕಟ್ಟಿ ಬೆಳೆಸಿ, 1937ರಲ್ಲಿ ನಿವೃತ್ತರಾಗುವವರೆಗೆ ಅದರ ಮುಖ್ಯಸ್ಥರಾಗಿದ್ದರು.

ಆ ಕಾಲದಲ್ಲಿ ನಮ್ಮ ದೇಶದ ಕಪ್ಪೆಗಳಿಗೆ ಹೆಸರಿಡುತ್ತಿದ್ದವರು ಹೆಚ್ಚಾಗಿ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಕುಳಿತ ಪಂಡಿತರು. ಇಲ್ಲಿಂದ ಹಡಗಿನಲ್ಲಿ ಹೋದ ಸ್ಪಿರಿಟ್ ಬಾಟಲಿಯೊಳಗಿನ ಬಣ್ಣಗೆಟ್ಟ ಕಪ್ಪೆಯನ್ನು ನೋಡಿ ಅವರು ವಿವರ ಬರೆಯುತ್ತಿದ್ದರು. ಅದು ಎಲ್ಲಿ ಕೂರುತ್ತದೆ, ಹೇಗೆ ಕೂಗುತ್ತದೆ, ಮೊಟ್ಟೆ ಎಲ್ಲಿಡುತ್ತದೆ ಎಂಬುದು ಅವರಿಗೆ ಹೇಗೆ ತಿಳಿಯಬೇಕು? ರಾಯರು ಕೊಡಗು, ಹಾಸನ, ಮಲೆನಾಡಿನ ತೊರೆಗಳ ಕಪ್ಪೆಗಳನ್ನೂ ಗೊದಮೊಟ್ಟೆಗಳನ್ನೂ ಇಲ್ಲಿಯೇ ಕಲೆಹಾಕಿ ಅಧ್ಯಯನ ಮಾಡಿದರು.

ಗೊದಮೊಟ್ಟೆಯ ಬಗ್ಗೆ ಒಂದು ಮಾತು. 1918ರಲ್ಲಿ ರಾಯರು ಕಿರುಬಾಯಿ ಕಪ್ಪೆಗಳ ಗೊದಮೊಟ್ಟೆಗಳ ಮೇಲೆ ಲೇಖನವೊಂದನ್ನು ಪ್ರಕಟಿಸಿದರು. ನಮ್ಮ ಮಣಿಪಾಲದ ಪುಟ್ಟ ಕಪ್ಪೆಯೂ ಇದೇ ಕುಟುಂಬದ್ದು. ಬೇರೆ ಕಪ್ಪೆಗಳ ಮರಿಗಳು ಕಲ್ಲಿನ ಮೇಲಿನ ಪಾಚಿಯನ್ನು ಕೆರೆದು ತಿನ್ನುತ್ತವೆ. ಮೈಕ್ರೋಹೈಲಾ ಜಾತಿಯ ಮರಿಗಳಿಗೆ ಅಂತಹ ಕೆರೆಯುವ ಹಲ್ಲುಗಳೇ ಇಲ್ಲ. ನೀರನ್ನು ಬಾಯಿಯಿಂದ ಒಳಗೆಳೆದು, ಅದರಲ್ಲಿ ತೇಲುವ ಕಣ್ಣಿಗೆ ಕಾಣದ ಪ್ಲವಕಗಳನ್ನು ಜರಡಿ ಹಿಡಿದು ನುಂಗುತ್ತವೆ. ಬೇಸಿಗೆಯಲ್ಲಿ ಕಾದು ಬಿರಿದ ಕಲ್ಲುಹೊಂಡ ಮಳೆಗೆ ತುಂಬಿದ ಕೆಲವೇ ದಿನಗಳಲ್ಲಿ ಜೀವಿಗಳಿಂದ ತುಂಬುವುದು ಹೇಗೆ ಎಂದು ನೀವು ಕೇಳಬಹುದು. ನೀರುಚಿಗಟದಂತಹ ಸೂಕ್ಷ್ಮ ಪ್ರಾಣಿಗಳ ಗಟ್ಟಿ ಮೊಟ್ಟೆಗಳು ಒಣ ಮಣ್ಣಿನಲ್ಲಿ ವರ್ಷಗಟ್ಟಲೆ ಸಾಯದೆ ಉಳಿಯುತ್ತವೆ. ನೀರು ತಾಗಿದಾಗ ಒಡೆದು ಮರಿಯಾಗುತ್ತವೆ. ಒಂದು ಹೊಂಡದ ಸಂತತಿ ಇನ್ನೊಂದರದ್ದರ ಜೊತೆ ಬಹಳ ಕಾಲ ಬೆರೆಯದಿದ್ದರೆ, ಅವುಗಳ ಡಿಎನ್ಎಯಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳು ಕೂಡುತ್ತಾ ಹೋಗುತ್ತವೆ. ಹೊರನೋಟಕ್ಕೆ ಎರಡೂ ಒಂದೇ. ಒಳಗೆ ಬೇರೆ. ಸಿಹಿನೀರಿನ ಪ್ರಾಣಿಗಳಲ್ಲಿ ಈ ಗುಪ್ತ ವೈವಿಧ್ಯ ಎಷ್ಟಿದೆ ಎಂಬುದು ಇತ್ತೀಚಿನ ದಶಕಗಳಲ್ಲಷ್ಟೇ ತಿಳಿಯತೊಡಗಿದೆ.

ರಾಯರ ಕಾಲಕ್ಕೆ ಡಿಎನ್ಎ ಪರೀಕ್ಷೆ ಎಲ್ಲಿತ್ತು? ಅಳತೆಪಟ್ಟಿ, ಭೂತಗನ್ನಡಿ, ಛೇದನದ ಕತ್ತರಿ, ಇಷ್ಟೇ ಸಲಕರಣೆ. 1920ರಲ್ಲಿ ಕೊಡಗಿನ ಒಂದು ಇರುಳುಗಪ್ಪೆಗೆ ನಿಕ್ಟಿಬಟ್ರಾಕಸ್ ಸ್ಯಾಂಕ್ಟಿಪಲುಸ್ಟ್ರಿಸ್ ಎಂದು ಹೆಸರಿಟ್ಟರು. ಪವಿತ್ರ ಜೌಗುನೆಲದ್ದು ಎಂದು ಅದರ ಅರ್ಥ. ನಿವೃತ್ತರಾದ 1937ರಲ್ಲೇ ದಕ್ಷಿಣ ಭಾರತದ ಹೊಸ ಕಪ್ಪೆಗಳ ಬಗ್ಗೆ ದೀರ್ಘ ಲೇಖನ ಹೊರಬಂತು. ಸಕಲೇಶಪುರ ಕಡೆಯ ಕೆಂಪುಹೊಳೆಯ ಹೆಸರಿನ ಕಪ್ಪೆ ಅದರಲ್ಲಿದೆ. ಚಾರ್ಮಾಡಿ ಘಾಟಿ ಹತ್ತಿದ ಮೇಲೆ ನೀವು ಚಹಾಕ್ಕೆ ನಿಲ್ಲುವ ಕೊಟ್ಟಿಗೆಹಾರದ ಹೆಸರಿನ ಕಪ್ಪೆಯೂ ಇದೆ. ಈ ಕೊಟ್ಟಿಗೆಹಾರದ ಕಪ್ಪೆ ತೊರೆಯ ಬಂಡೆಯ ಮೇಲೆ ಕುಳಿತು ಹಿಂಗಾಲನ್ನು ಚಾಚಿ ಬೆರಳು ಬಿಡಿಸಿ ತೋರಿಸುತ್ತದೆ. ನೀರಿನ ಭೋರ್ಗರೆತದಲ್ಲಿ ಕೂಗು ಮಾತ್ರ ಸಾಲದು, ಆದ್ದರಿಂದ ಕಾಲಿನ ಸನ್ನೆ. ಹಾಗಾಗಿ ಇದಕ್ಕೆ ಕುಣಿಯುವ ಕಪ್ಪೆ ಎಂಬ ಹೆಸರೂ ಬಂದಿದೆ.

ಇದರ ನಡುವೆ ರಾಯರು ಇನ್ನೊಂದು ದೊಡ್ಡ ಕೆಲಸಕ್ಕೆ ಕೈಹಾಕಿದ್ದರು. 1932ರ ಜುಲೈಯಲ್ಲಿ ಬೆಂಗಳೂರಿನಿಂದ ಕರೆಂಟ್ ಸೈನ್ಸ್ ಎಂಬ ವಿಜ್ಞಾನ ಪತ್ರಿಕೆ ಆರಂಭವಾಯಿತು. ಅದರ ಸ್ಥಾಪಕರಲ್ಲಿ ಒಬ್ಬರೂ ಮೊದಲ ಸಂಪಾದಕರೂ ಇವರೇ. ಭಾರತೀಯ ವಿದ್ಯಾರ್ಥಿ ತನ್ನ ಶೋಧವನ್ನು ಇಲ್ಲಿಯೇ ಪ್ರಕಟಿಸಲು ಒಂದು ಜಾಗವಾಯಿತು. ನನ್ನ ಮಟ್ಟಿಗೆ ಇದು ಹತ್ತು ಹೊಸ ಕಪ್ಪೆ ಕಂಡುಹಿಡಿದದ್ದಕ್ಕಿಂತ ಕಡಿಮೆ ಕೆಲಸವಲ್ಲ.

1960ರ ಜನವರಿಯಲ್ಲಿ ರಾಯರು ತೀರಿಕೊಂಡರು. ಅವರು ಹೆಸರಿಟ್ಟ ಕಪ್ಪೆಗಳ ಮೂಲ ಮಾದರಿಗಳು ಕಾಲೇಜಿನ ಸಂಗ್ರಹದಲ್ಲಿದ್ದವು. ಅವು ಕಳೆದುಹೋದವು.

ಮಾದರಿ ಕಳೆದರೆ ಏನಾಯಿತು ಎನ್ನಬೇಡಿ. ಪ್ರತಿ ಪ್ರಭೇದದ ಹೆಸರೂ ಬಾಟಲಿಯಲ್ಲಿಟ್ಟ ಒಂದು ನಿಜವಾದ ಪ್ರಾಣಿಗೆ ಅಂಟಿಕೊಂಡಿರುತ್ತದೆ. ಮುಂದೆ ಸಂಶಯ ಬಂದಾಗ ಅದನ್ನು ತೆರೆದು ಹೋಲಿಸಿ ನೋಡಬೇಕು. ಅದೇ ಇಲ್ಲವಾದರೆ ಹೆಸರು ಗಾಳಿಯಲ್ಲಿ ತೂಗುತ್ತದೆ. ರಾಯರ ಹಲವು ಕಪ್ಪೆಗಳಿಗೆ ಇದೇ ಗತಿಯಾಯಿತು. ಕೆಲವನ್ನು ತಪ್ಪು ಗುಂಪಿಗೆ ಸೇರಿಸಿದರು, ಕೆಲವು ನಿಜವಾಗಿ ಇವೆಯೇ ಎಂದೇ ಅನುಮಾನಿಸಿದರು. ದಶಕಗಳ ಕಾಲ ಅವುಗಳನ್ನು ಕಂಡವರೂ ಇರಲಿಲ್ಲ.

ಆದರೆ ರಾಯರು ಊರಿನ ಹೆಸರು ಬರೆದಿದ್ದರು. ಅಳತೆ, ಬಣ್ಣ, ಬೆರಳಿನ ಆಕಾರ ಬರೆದಿದ್ದರು. ದೆಹಲಿ ವಿಶ್ವವಿದ್ಯಾಲಯದ ಎಸ್.ಡಿ. ಬಿಜು ಮತ್ತು ಸಂಗಡಿಗರು ಹಳೆಯ ಲೇಖನಗಳ ಜಾಡು ಹಿಡಿದು ಪಶ್ಚಿಮ ಘಟ್ಟದಲ್ಲಿ ಇರುಳುಗಪ್ಪೆಗಳನ್ನು ಹುಡುಕಿದರು. 2011ರಲ್ಲಿ ಅವರ ವರದಿ ಬಂತು. ಅದರಲ್ಲಿ ಹನ್ನೆರಡು ಹೊಸ ಪ್ರಭೇದಗಳಿದ್ದವು. ಜೊತೆಗೆ ಕಳೆದೇಹೋದವು ಎಂದುಕೊಂಡಿದ್ದ ಮೂರು ಮತ್ತೆ ಸಿಕ್ಕಿದ್ದವು. ಮೂರೂ ರಾಯರು ಹೆಸರಿಟ್ಟವೇ! ಕೊಡಗಿನ ಇರುಳುಗಪ್ಪೆ 91 ವರ್ಷಗಳ ನಂತರ ಸಿಕ್ಕಿತ್ತು. ಈ ಬಾರಿ ಅಳತೆಪಟ್ಟಿಯ ಜೊತೆಗೆ ಡಿಎನ್ಎ ಹೋಲಿಕೆಯೂ ಇತ್ತು. ಇರುಳುಗಪ್ಪೆಗಳ ವಂಶ ಸುಮಾರು ಏಳು ಕೋಟಿ ವರ್ಷ ಹಳೆಯದು, ಭಾರತದ ನೆಲ ಸಮುದ್ರದ ನಡುವೆ ತೇಲುತ್ತಿದ್ದ ಕಾಲದ್ದು, ಎಂಬ ಅಂದಾಜು ಬಂದಿರುವುದೂ ಡಿಎನ್ಎಯಿಂದಲೇ. 2014ರಲ್ಲಿ ಇದೇ ರೀತಿ ಕುಣಿಯುವ ಕಪ್ಪೆಗಳಲ್ಲಿ ಹದಿನಾಲ್ಕು ಹೊಸ ಪ್ರಭೇದಗಳು ಬೆಳಕಿಗೆ ಬಂದವು.

ಡಿಎನ್ಎ ರಾಯರನ್ನು ತಿದ್ದಿದ್ದೂ ಉಂಟು. 1925ರಲ್ಲಿ ರಾಯರೂ ರಾಮಣ್ಣ ಎಂಬುವರೂ ಸೇರಿ ಕಿರುಬಾಯಿ ಕಪ್ಪೆಗಳಲ್ಲಿ ರಾಮನೆಲ್ಲ ಎಂಬ ಹೊಸ ಜಾತಿಯನ್ನು ಮಾಡಿದ್ದರು. ತೊಂಬತ್ತು ವರ್ಷಗಳ ತರುವಾಯ ಅದು ಯೂಪೆರೊಡಾನ್ ಎಂಬ ಹಳೆಯ ಜಾತಿಯೊಳಗೇ ಸೇರುತ್ತದೆಂದು ತಿಳಿದು ಆ ಹೆಸರನ್ನು ಕೈಬಿಟ್ಟರು. ವಿಜ್ಞಾನದಲ್ಲಿ ಇದು ಅವಮಾನವೇನಲ್ಲ.

2010ರಲ್ಲಿ ಪಶ್ಚಿಮ ಘಟ್ಟದ ಪೊದೆಗಪ್ಪೆಗಳು ಪ್ರತ್ಯೇಕ ಜಾತಿಯೆಂದು ಗೊತ್ತಾದಾಗ, ಅದಕ್ಕೆ ರಾಯರ ನೆನಪಿಗೆ ರಾವೋರ್ಕೆಸ್ಟಿಸ್ ಎಂದು ಹೆಸರಿಟ್ಟರು. ಇವು ಗೊದಮೊಟ್ಟೆಯ ಹಂತವನ್ನೇ ಬಿಟ್ಟ ಕಪ್ಪೆಗಳು. ಮೊಟ್ಟೆಯೊಡೆದು ನೇರವಾಗಿ ಪುಟ್ಟ ಕಪ್ಪೆಯೇ ಹೊರಬರುತ್ತದೆ. ಕಾರ್ಕಳದಿಂದ ಕುದುರೆಮುಖದ ಕಡೆಗೆ ಘಾಟಿ ಹತ್ತುವಾಗ ಮಳೆಗಾಲದ ಸಂಜೆ ಪೊದೆಗಳಿಂದ ಟಿಕ್ ಟಿಕ್ ಎಂದು ಕೇಳಿಬರುವುದು ಇವುಗಳ ಕೂಗೇ. ಆ ಹೆಸರು ಪ್ರಕಟವಾದದ್ದು ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ. ಇದನ್ನು ಓದಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ರಾಯರ ಕೆಲವು ಕಪ್ಪೆಗಳ ಗುರುತು ಇನ್ನೂ ಬಗೆಹರಿದಿಲ್ಲ. ಮೂಲ ಮಾದರಿ ಇಲ್ಲ, ಆದುದರಿಂದ ರಾಯರು ಬರೆದ ಊರಿಗೇ ಹೋಗಿ ಹುಡುಕಬೇಕು. ಆ ಊರಿನ ತೊರೆ, ಜೌಗು, ಕಾಡು ಹಾಗೆಯೇ ಇದ್ದರೆ ಸಿಕ್ಕೀತು. ಮಣಿಪಾಲದ ಕಪ್ಪೆಗೆ ಮುರಕಲ್ಲಿನ ಹೆಸರಿಟ್ಟದ್ದೂ ಈ ಕಾರಣಕ್ಕೇ. ನಮ್ಮ ಮನೆಗಳ ಗೋಡೆಗೆ ಬೇಕಾದ ಕೆಂಪುಕಲ್ಲನ್ನು ಕಡಿಯುವುದು ಅದು ಮೊಟ್ಟೆಯಿಡುವಂತಹ ಪಾದೆಗಳಿಂದಲೇ. ಸರಕಾರಿ ಕಡತಗಳಲ್ಲಿ ಇಂತಹ ಬಯಲುಗಳು ಬಹಳ ಕಡೆ ಬಂಜರು ಭೂಮಿಯೆಂದೇ ದಾಖಲಾಗಿವೆ.