ಕೆಡವುವ ಮುನ್ನ ನೋಡಿರೆಂದ ಗೆಡ್ಡೆಸ್

ಮುಂಬಯಿ ವಿಶ್ವವಿದ್ಯಾಲಯದಲ್ಲಿ 1919ರಲ್ಲಿ ಸಮಾಜಶಾಸ್ತ್ರದ ಪಾಠ ಆರಂಭವಾದಾಗ ಅದರ ಮೊದಲ ಪ್ರಾಧ್ಯಾಪಕರಾಗಿ ಬಂದವರು ಗಿಡಮರಗಳ ಶಾಸ್ತ್ರವನ್ನು ಅಭ್ಯಾಸ ಮಾಡಿದವರು! ಅವರೇ ಪ್ಯಾಟ್ರಿಕ್ ಗೆಡ್ಡೆಸ್. 1854ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಹಕ್ಸ್‌ಲಿಯವರ ಶಿಷ್ಯರಾದರು. ಮೆಕ್ಸಿಕೋ ಪ್ರವಾಸದಲ್ಲಿ ಕೆಲಕಾಲ ಕಣ್ಣು ಕಾಣದಂತಾದ ಮೇಲೆ ಸೂಕ್ಷ್ಮದರ್ಶಕದ ಕೆಲಸ ಹಿಂದುಳಿದು, ಅವರ ಮನಸ್ಸು ಕ್ರಮೇಣ ಊರುಗಳತ್ತ ಹೊರಳಿತು.

ಮದುವೆಯಾದ ಮರುವರ್ಷ, 1887ರಲ್ಲಿ, ಪತ್ನಿ ಆನಾ ಅವರೊಡನೆ ಎಡಿನ್‌ಬರೋದ ಹಳೆಯ ಕೇರಿಯೊಂದಕ್ಕೆ ಬಿಡಾರ ಬದಲಾಯಿಸಿದರು. ನೆಂಟರಿಷ್ಟರು ಮೂಗು ಮುರಿದಿದ್ದರೆ ಆಶ್ಚರ್ಯವಿಲ್ಲ. ದಂಪತಿಗಳು ನೆರೆಯವರನ್ನು ಕೂಡಿಸಿಕೊಂಡು ಕೇರಿಯನ್ನು ಶುಚಿಗೊಳಿಸಿದರು, ಸುಣ್ಣ ಬಳಿದರು, ಹೂಗಿಡ ನೆಟ್ಟರು.

1914ರಲ್ಲಿ ಅವರು ಭಾರತಕ್ಕೆ ಹೊರಟಾಗ ಅವರ ನಗರಪ್ರದರ್ಶನದ ನಕ್ಷೆಗಳನ್ನು ಹೊತ್ತ ಹಡಗನ್ನು ಜರ್ಮನರ ಎಂಡೆನ್ ಮುಳುಗಿಸಿತು. ಎದೆಗುಂದದೆ ಮತ್ತೆ ಎಲ್ಲವನ್ನೂ ಕೂಡಿಸಿ 1915ರಲ್ಲಿ ಮದರಾಸಿನಲ್ಲಿ ಪ್ರದರ್ಶನ ನಡೆಸಿದರು.

ಆಗಿನ ಅಧಿಕಾರಿಗಳಿಗೆ ಪ್ಲೇಗಿನ ಭಯವಿತ್ತು. 1896ರ ಪ್ಲೇಗಿನ ತರುವಾಯ ಮುಂಬಯಿಯಲ್ಲಿ ಹುಟ್ಟಿದ ಸುಧಾರಣಾ ಟ್ರಸ್ಟು ಕಿಕ್ಕಿರಿದ ಕೇರಿಗಳನ್ನು ಕೆಡವಿ ನೇರವಾದ ಅಗಲ ರಸ್ತೆಗಳನ್ನು ಹಾಕುತ್ತಿತ್ತು. ಗಾಳಿ ಬೆಳಕು ಬೇಕೆಂಬುದು ಸುಳ್ಳಲ್ಲ. ಆದರೆ ಮನೆ ಕಳೆದುಕೊಂಡವರು ಎಲ್ಲಿಗೆ ಹೋಗಬೇಕು? ಪಕ್ಕದ ಕೇರಿಗೇ ತಾನೆ! ಅಲ್ಲಿ ಇಕ್ಕಟ್ಟು ಇಮ್ಮಡಿಯಾಗುವುದು. ಗೆಡ್ಡೆಸ್ ಅವರ ತಕರಾರು ಇದೇ. ಬಿದ್ದ ಮನೆಯೊಂದೆರಡನ್ನು ತೆಗೆದು ಬಯಲು ಮಾಡಿ, ಬಾವಿಯನ್ನೂ ಮರವನ್ನೂ ಉಳಿಸಿ, ಓಣಿಯನ್ನು ಅದರ ಅಂಕುಡೊಂಕಿನಲ್ಲೇ ತಿದ್ದಿದರೆ ಸಾಕೆಂಬುದು ಅವರ ಮತ. ತಂಜಾವೂರಿನಲ್ಲಿ ಹೀಗೆ ಮಾಡಿದರೆ ಇಂಜಿನಿಯರರ ಅಂದಾಜಿನ ಆರನೆಯ ಒಂದು ಪಾಲಿನಷ್ಟರಲ್ಲಿ ಕೆಲಸ ಮುಗಿಯುವುದೆಂದು ಲೆಕ್ಕ ಕೊಟ್ಟರು. ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ನಮ್ಮ ಬಳ್ಳಾರಿಯನ್ನೂ ಅವರು ಕಂಡು ವರದಿ ಬರೆದಿದ್ದಾರೆ.

1917ರಲ್ಲಿ ಮಗ ಫ್ರಾನ್ಸಿನ ರಣರಂಗದಲ್ಲಿ ಮಡಿದನು. ಕಲಕತ್ತೆಯಲ್ಲಿ ಜ್ವರದಿಂದ ಮಲಗಿದ್ದ ಪತ್ನಿಗೆ ಆ ಸುದ್ದಿಯನ್ನು ತಿಳಿಸಲಿಲ್ಲ. ಕೆಲವೇ ವಾರಗಳಲ್ಲಿ ಆಕೆಯೂ ತೀರಿಕೊಂಡರು.

ಇಂದೂರಿನಲ್ಲಿ ನಕ್ಷೆ ಹಿಡಿದು ಬಂದ ದೊರೆಯನ್ನು ಕಂಡರೆ ಮನೆ ಕೆಡವಲು ಬಂದವನೆಂದೇ ಜನರ ಅಂಜಿಕೆ. ಗೆಡ್ಡೆಸ್ ಅವರು ಮಹಾರಾಜರ ಅಪ್ಪಣೆ ಪಡೆದು ದೀಪಾವಳಿಯ ಮೆರವಣಿಗೆಯನ್ನೇ ತಮ್ಮ ಕೈಗೆ ತೆಗೆದುಕೊಂಡರು. ಯಾವ ಬೀದಿಯವರು ಮನೆಗಳನ್ನು ಹೆಚ್ಚು ಚೊಕ್ಕಟ ಮಾಡುವರೋ ಆ ಬೀದಿಗೆ ಮೆರವಣಿಗೆ! ಕಸದ ಗಾಡಿಗಳು ಊರ ಹೊರಗೆ ಸಾಲುಗಟ್ಟಿದವು. ಪ್ಲೇಗಿನ ಇಲಿಯ ಬೊಂಬೆ ಹೊರಟಿತು. ಝಾಡಮಾಲಿಗಳು ಹೊಸ ಬಟ್ಟೆ, ಹೂಮಾಲೆ ಧರಿಸಿ ಮೆರವಣಿಗೆಯಲ್ಲಿ ನಡೆದರು. ಮನೆಗಳಿಗೆ ತುಳಸಿಯ ಸಸಿ ಹಂಚಲಾಯಿತು.

ಮುಂಬಯಿಯ ಹೊಸ ಚಾಳುಗಳು ಮಾತ್ರ ಅವರಿಗೆ ಗೋದಾಮುಗಳಂತೆ ಕಂಡವು. ಇದನ್ನು ಪೂರ್ತಿ ಒಪ್ಪುವುದು ನಮಗೆ ಕಷ್ಟ. ಅಂಥ ಚಾಳಿನ ಉದ್ದ ಪಡಸಾಲೆಗಳಲ್ಲೇ ನಮ್ಮ ಹಿರಿಯರು ಹಪ್ಪಳ ಒಣಗಿಸಿದರು, ಊರಿನಿಂದ ಕೆಲಸ ಹುಡುಕಿ ಬಂದ ಹುಡುಗರಿಗೆ ಹಾಸಿಗೆ ಹಾಸಿಕೊಟ್ಟರು.

1924ರಲ್ಲಿ ಗೆಡ್ಡೆಸ್ ಅವರು ಭಾರತ ಬಿಟ್ಟರು. ಅವರ ಪೀಠಕ್ಕೆ ಘುರ್ಯೆಯವರು ಬಂದರು. ವರದಿಗಳಲ್ಲಿ ಬಹುಪಾಲು ಕಪಾಟುಗಳಲ್ಲೇ ಉಳಿದವು. 1932ರ ಏಪ್ರಿಲ್ 17ರಂದು ಅವರು ಫ್ರಾನ್ಸಿನ ಮೊಂಪೆಲಿಯೇ ನಗರದಲ್ಲಿ ಕಾಲವಾದರು.